ಗಂಗರಾಜ್ಯದ ಉದಯ ಮತ್ತು ಸಿಂಹನಂದಿ ಆಚಾರ್ಯರು



ಅರಸನ ಪಕ್ಕದಲ್ಲಿ ನಿಂತು ರಾಜ್ಯವನ್ನು ಕಟ್ಟಿಸಿದ ಜಾಣರು ಯಾರು ಎಂದು ತರಗತಿಯಲ್ಲಿ ಕೇಳಿದರೆ ನೀವೆಲ್ಲರೂ ಒಂದೇ ದನಿಯಲ್ಲಿ ‘ಚಾಣಕ್ಯ’ ಎನ್ನುತ್ತೀರಿ. ಆ ಉತ್ತರ ತಪ್ಪಲ್ಲ. ಚಂದ್ರಗುಪ್ತ ಮೌರ್ಯನಿಗೆ ಚಾಣಕ್ಯ ಹೇಗೆ ಬೆನ್ನೆಲುಬಾಗಿದ್ದನೆಂಬ ಕಥೆಯನ್ನು ನೀವು ಓದಿದ್ದೀರಿ, ನಾಟಕವಾಗಿ ಆಡಿಯೂ ಇದ್ದೀರಿ. ಅವನದೆಂದು ಹೇಳುವ ‘ಅರ್ಥಶಾಸ್ತ್ರ’ ಗ್ರಂಥ ಬಹುಕಾಲ ಕಣ್ಮರೆಯಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಪ್ರತಿಯನ್ನು ಓದಿ, 1909ರಲ್ಲಿ ಮೈಸೂರಿನಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ತೋರಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ತಮಿಳುನಾಡಿನ ಗರಿ, ಕನ್ನಡನಾಡಿನ ಅಚ್ಚು! ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ಪೋತ್ತನೂರಿನ ಮಕ್ಕಳಿಗೆ ಇದು ಹೆಮ್ಮೆಯ ಸಂಗತಿಯೇ.

ಆದರೆ ಕನ್ನಡನಾಡಿಗೂ ಅಂತಹ ಒಬ್ಬ ರಾಜಗುರು ಇದ್ದರೆಂದು ನಮ್ಮ ಶಾಸನಗಳು ಹೇಳುತ್ತವೆ. ಅವರ ಹೆಸರು ಸಿಂಹನಂದಿ ಆಚಾರ್ಯರು. ಅವರು ಸೇನಾಪತಿಯಲ್ಲ, ಮಂತ್ರಿಯೂ ಅಲ್ಲ. ಎಲ್ಲವನ್ನೂ ತೊರೆದ ಜೈನ ಮುನಿ. ಸುಮಾರು ಕ್ರಿ.ಶ. 350ರಲ್ಲಿ ಹುಟ್ಟಿ ಆರೂವರೆ ಶತಮಾನಗಳ ಕಾಲ ಬಾಳಿದ ಗಂಗರಾಜ್ಯಕ್ಕೆ ಅವರೇ ಕಾರಣರೆಂಬುದು ಪರಂಪರೆಯ ಮಾತು. ಅವರು ಮಾಡಿದ್ದೇನು, ಆ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು, ಅದರಿಂದ ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಶಾಸನ ಹೇಳುವ ಕಥೆ

ಶಿವಮೊಗ್ಗದ ಬಳಿ ಕಲ್ಲೂರುಗುಡ್ಡ ಎಂಬ ಊರಿದೆ. ಅಲ್ಲಿ ಕ್ರಿ.ಶ. 1121–22ರ ಕಾಲದ ದೊಡ್ಡದೊಂದು ಶಿಲಾಶಾಸನವಿದೆ. ಕನ್ನಡನಾಡಿನ ಶಾಸನಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಪ್ರಕಟಿಸಿದ ಬಿ.ಎಲ್. ರೈಸ್ ಅವರು ಇದನ್ನೂ ಬೆಳಕಿಗೆ ತಂದರು. ಅದರಲ್ಲಿ ಬರುವ ಕಥೆಯ ಸಾರ ಹೀಗಿದೆ:

ಉತ್ತರದಲ್ಲಿ ಪದ್ಮನಾಭನೆಂಬ ಅರಸನಿದ್ದ. ಉಜ್ಜಯಿನಿಯ ದೊರೆ ಅವನ ಮೇಲೆ ದಂಡೆತ್ತಿ ಬಂದ. ಸೋಲು ಖಚಿತವೆಂದು ತಿಳಿದ ಪದ್ಮನಾಭ ತನ್ನ ಇಬ್ಬರು ಮಕ್ಕಳಾದ ದಡಿಗ ಮತ್ತು ಮಾಧವರನ್ನು, ಅವರ ತಂಗಿಯನ್ನು, ಜೊತೆಗೆ ಕೆಲವು ಬ್ರಾಹ್ಮಣರನ್ನು ದಕ್ಷಿಣಕ್ಕೆ ಕಳುಹಿಸಿಬಿಟ್ಟ. ನಡೆದು ನಡೆದು ಬಳಲಿದ ಆ ಹುಡುಗರು ಪೇರೂರು ಎಂಬ ಊರಿಗೆ ಬಂದರು. ಅಲ್ಲೊಂದು ಕೆರೆ, ಕೆರೆಯ ಹತ್ತಿರ ಜಿನಾಲಯ. ಅಲ್ಲಿ ಅವರಿಗೆ ಸಿಂಹನಂದಿ ಆಚಾರ್ಯರ ದರ್ಶನವಾಯಿತು.

ಪೇರೂರು ಎಂದೊಡನೆ ನಿಮ್ಮ ಕಿವಿ ನೆಟ್ಟಗಾಗಿರಬೇಕು. ನೊಯ್ಯಲ್ ಹೊಳೆಯ ದಡದ ನಮ್ಮ ಪಟ್ಟೀಶ್ವರನ ಪೇರೂರು ಇದೇನೇ ಎಂದು ಕೇಳಬೇಡಿ. ಶಾಸನದ ಪೇರೂರು ಆಂಧ್ರಪ್ರದೇಶದ ಕಡಪ ಜಿಲ್ಲೆಯದು. ಬೇರೆ ಪೇರೂರುಗಳಿಂದ ಬೇರ್ಪಡಿಸಿ ಗುರುತಿಸಲು ಅದನ್ನು ಗಂಗಪೇರೂರು ಎಂದೇ ಕರೆಯುತ್ತಾರೆ. ಹೆಸರು ಒಂದಾದ ಮಾತ್ರಕ್ಕೆ ಊರು ಒಂದಾಗುವುದಿಲ್ಲ. ಚರಿತ್ರೆ ಓದುವವರು ಮೊದಲು ಕಲಿಯಬೇಕಾದ ಎಚ್ಚರ ಇದು.

ಆಚಾರ್ಯರು ಆ ಹುಡುಗರ ಕಷ್ಟವನ್ನು ಕೇಳಿದರು. ಶಿಷ್ಯರನ್ನಾಗಿ ಸ್ವೀಕರಿಸಿ ವಿದ್ಯೆ ಕಲಿಸಿದರು. ಪದ್ಮಾವತಿ ದೇವಿಯ ಅನುಗ್ರಹವಾಗಿ, ಖಡ್ಗವೊಂದು ಅವರ ಕೈಸೇರಿತು. ಮಾಧವ ಆ ಖಡ್ಗವನ್ನೆತ್ತಿ ಕಲ್ಲಿನ ಕಂಬವೊಂದಕ್ಕೆ ಹೊಡೆದಾಗ ಕಂಬ ಮುರಿದುಬಿತ್ತು. ಹುಡುಗನ ತೋಳಬಲವನ್ನು ಕಂಡ ಗುರುಗಳು ಕರ್ಣಿಕಾರದ ಹೂವಿನ ಎಸಳುಗಳಿಂದ ಕಿರೀಟ ಮಾಡಿ ತಲೆಗಿಟ್ಟರು. ತಮ್ಮ ಕೈಯ ನವಿಲುಗರಿಯ ಪಿಂಛವನ್ನೇ ಧ್ವಜವಾಗಿ ಕೊಟ್ಟರು. ನೋಡಿರಿ, ಚಿನ್ನದ ಕಿರೀಟವಿಲ್ಲ, ರೇಷ್ಮೆಯ ಬಾವುಟವಿಲ್ಲ. ಹೂವಿನ ಎಸಳು, ಹುಳುಹುಪ್ಪಟೆಗೂ ನೋವಾಗದಂತೆ ನೆಲ ಗುಡಿಸುವ ಮುನಿಯ ನವಿಲುಗರಿ! ರಾಜ್ಯದ ಆರಂಭ ಅಷ್ಟರಿಂದಲೇ ಆಯಿತೆಂದು ಕಥೆ ಹೇಳುತ್ತದೆ.

ಏಳು ಎಚ್ಚರಿಕೆಗಳು

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ರಾಜಕಥೆಯಾಗುತ್ತಿತ್ತು. ಖಡ್ಗ ಕೊಟ್ಟ ಬಳಿಕ ಗುರುಗಳು ಸುಮ್ಮನಿರಲಿಲ್ಲ. ಹೊಸ ಅರಸರಿಗೆ ಏಳು ಎಚ್ಚರಿಕೆಗಳನ್ನು ಹೇಳಿದರು. ಅವುಗಳ ಭಾವವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು:

1. ಕೊಟ್ಟ ಮಾತಿಗೆ ತಪ್ಪಬಾರದು.
2. ಜಿನಶಾಸನವನ್ನು, ಎಂದರೆ ತಾವು ಒಪ್ಪಿದ ಧರ್ಮವನ್ನು, ಬಿಡಬಾರದು.
3. ಪರಸ್ತ್ರೀಯರನ್ನು ಅಪಹರಿಸಬಾರದು.
4. ಮಧುಮಾಂಸಗಳನ್ನು ಸೇವಿಸಬಾರದು.
5. ಹೀನರ ಸಹವಾಸ ಮಾಡಬಾರದು.
6. ಬೇಡಿ ಬಂದವರಿಗೆ ಕೊಡದೆ ಇರಬಾರದು.
7. ಯುದ್ಧಭೂಮಿಯಿಂದ ಓಡಿಹೋಗಬಾರದು.

ಇವುಗಳಲ್ಲಿ ಯಾವುದಕ್ಕೆ ತಪ್ಪಿದರೂ ನಿಮ್ಮ ಕುಲ ಅಳಿಯುವುದು ಎಂದು ಗುರುಗಳು ಕಟ್ಟುನಿಟ್ಟಾಗಿ ನುಡಿದರು.

ಐದನೆಯ ಎಚ್ಚರಿಕೆಯ ಬಗ್ಗೆ ಒಂದು ಮಾತು. ಹೀನರೆಂದರೆ ನಡತೆಯಲ್ಲಿ ಹೀನರು ಎಂದೇ ನಾವು ಇಂದು ತಿಳಿಯಬೇಕು. ಹುಟ್ಟಿನಿಂದ ಯಾರೂ ಹೀನರಲ್ಲ. ಎರಡನೆಯದೂ ನಾಲ್ಕನೆಯದೂ ಜೈನ ಗುರುಗಳು ತಮ್ಮ ಶಿಷ್ಯರಿಗೆ ವಿಧಿಸಿದ ನಿಯಮಗಳು. ಉಳಿದ ಮಾತುಗಳು ಯಾವ ಮತದ ಅರಸನಿಗೂ, ಅರಸನಲ್ಲದ ನಮಗೂ ಸಲ್ಲುವಂಥವು.

ಈಗ ಯೋಚಿಸಿರಿ. ಅಧಿಕಾರ ಕೊಡಿಸುವುದು ಒಂದು ಕೆಲಸ. ಅಧಿಕಾರಕ್ಕೆ ಕಡಿವಾಣ ಹಾಕುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡುವ ಜಾಣರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಅರಸ ಗೆದ್ದಮೇಲೆ ಹೊಗಳುವವರಂತೂ ಬೇಕಾದಷ್ಟು. ಆದರೆ ಪಟ್ಟ ಕಟ್ಟುವ ಗಳಿಗೆಯಲ್ಲೇ, ಎಲ್ಲರೂ ಜಯಕಾರ ಹಾಕುತ್ತಿರುವಾಗಲೇ, ‘ಇದಕ್ಕೆ ತಪ್ಪಿದರೆ ಅಳಿಯುತ್ತೀರಿ’ ಎಂದು ಹೇಳುವವರು ವಿರಳ. ಸಿಂಹನಂದಿಗಳು ಎರಡನ್ನೂ ಮಾಡಿದರು ಎನ್ನುವುದೇ ಈ ಕಥೆಯ ತಿರುಳು.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ

ಈ ಕಥೆಯನ್ನು ನಾನು ಹಲವು ವರ್ಷ ಒಂಬತ್ತನೆಯ ತರಗತಿಗೆ ಬಹು ಉತ್ಸಾಹದಿಂದ ಹೇಳುತ್ತಿದ್ದೆ. ಕಂಬ ಮುರಿಯುವ ಸಂದರ್ಭ ಬಂದಾಗ ಮೇಜಿನ ಮೇಲೆ ಅಡಿಕೋಲಿನಿಂದ ಹೊಡೆದು ತೋರಿಸುತ್ತಿದ್ದುದೂ ಉಂಟು. ಒಂದು ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ರಾಜ್ಯ ಶುರುವಾದದ್ದು 350ರಲ್ಲಿ ಎಂದಿರಿ. ಕಲ್ಲು ಕೆತ್ತಿಸಿದ್ದು 1121ರಲ್ಲಿ ಎಂದಿರಿ. ನಡುವೆ 770 ವರ್ಷ ಆಯಿತಲ್ಲ? ಕೆತ್ತಿದವರಿಗೆ ಹೇಗೆ ಗೊತ್ತು, ಸಾರ್?”

ನನಗೆ ಸಿಟ್ಟು ಬಂತು. “ಶಾಸನದಲ್ಲಿದೆ ಅಂದಮೇಲೆ ಮುಗೀತು, ಕೂತ್ಕೋಮ್ಮ” ಎಂದೆ. ಅವಳು ಕುಳಿತಳು. ತರಗತಿ ಮುಗಿಯಿತು. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. 25 ವರ್ಷಕ್ಕೆ ಒಂದು ತಲೆಮಾರು ಎಂದರೂ 770 ವರ್ಷಕ್ಕೆ ಮೂವತ್ತು ತಲೆಮಾರು! ನನ್ನ ಮುತ್ತಜ್ಜನ ತಂದೆಯ ಹೆಸರೇ ನನಗೆ ತಿಳಿಯದು. ಮಾರನೆಯ ದಿನ ಅದೇ ತರಗತಿಯಲ್ಲಿ ನಿಂತು, “ನಿನ್ನೆ ಕೇಳಿದ ಪ್ರಶ್ನೆ ಸರಿಯಾದದ್ದು, ಕೂರಿಸಿದ್ದು ನನ್ನ ತಪ್ಪು” ಎಂದು ಹೇಳಿದೆ. ಅಂದಿನಿಂದ ಈ ಪಾಠವನ್ನು ಬೇರೆ ರೀತಿಯಲ್ಲಿ ಮಾಡುತ್ತಿದ್ದೇನೆ.

ಸಾಕ್ಷ್ಯವನ್ನು ಒರೆಗೆ ಹಚ್ಚುವ ಬಗೆ

ಯಾವ ಹಳೆಯ ಬರಹ ಸಿಕ್ಕಿದರೂ ಮೂರು ಪ್ರಶ್ನೆ ಕೇಳಬೇಕು. ಯಾವಾಗ ಬರೆದದ್ದು? ಯಾರು ಬರೆಸಿದ್ದು? ಏಕೆ ಬರೆಸಿದ್ದು?

ಮೊದಲನೆಯದು, ಯಾವಾಗ? ಗಂಗರ ಆರಂಭಕಾಲದ ತಾಮ್ರಶಾಸನಗಳು ಮೂಲಪುರುಷನಾದ ಕೊಂಗುಣಿವರ್ಮನನ್ನು ಹೊಗಳುತ್ತವೆ. ಮಾಧವನೇ ಈ ಕೊಂಗುಣಿವರ್ಮ. ಒಂದೇ ಪೆಟ್ಟಿಗೆ ಕಲ್ಲುಕಂಬವನ್ನು ಕಡಿದವನೆಂಬ ಮಾತು ಅವುಗಳಲ್ಲಿಯೂ ಇದೆ. ಆದರೆ ಸಿಂಹನಂದಿಗಳ ಹೆಸರಿಲ್ಲ. ಆ ಶಾಸನಗಳು ಪದ್ಮನಾಭನ, ಎಂದರೆ ವಿಷ್ಣುವಿನ, ಸ್ತುತಿಯಿಂದ ಆರಂಭವಾಗುತ್ತವೆ. ಸಿಂಹನಂದಿಗಳ ಹೆಸರು ಕಾಣುವುದು ಹತ್ತನೆಯ ಶತಮಾನದ ಹೊತ್ತಿಗೆ. ಉತ್ತರ ತಮಿಳುನಾಡಿನ ಉದಯೇಂದಿರದಲ್ಲಿ ಸಿಕ್ಕಿದ, ಗಂಗವಂಶದ ಹಸ್ತಿಮಲ್ಲನ ತಾಮ್ರಶಾಸನ ಅವರಿಂದ ಗಂಗವಂಶ ಏಳಿಗೆ ಹೊಂದಿತೆಂದು ಹೇಳುತ್ತದೆ. ಕಥೆ ಪೂರ್ಣವಾಗಿ ಅರಳಿರುವುದು ಕಲ್ಲೂರುಗುಡ್ಡದಲ್ಲಿ. ಕಾಲ ಕಳೆದಂತೆ ಕಥೆ ಬೆಳೆದಿದೆ ಎಂಬುದು ಸ್ಪಷ್ಟ.

ಎರಡನೆಯದು, ಯಾರು? ಕಲ್ಲೂರುಗುಡ್ಡದ ಶಾಸನವನ್ನು ಬರೆಸಿದವರು ಗಂಗವಂಶದವರೇ. ಆದರೆ ಅಷ್ಟು ಹೊತ್ತಿಗೆ ಅವರು ಸ್ವತಂತ್ರ ಅರಸರಾಗಿರಲಿಲ್ಲ. ಶಿವಮೊಗ್ಗ ಸೀಮೆಯ ಮಾಂಡಲಿಕರಾಗಿದ್ದರು.

ಮೂರನೆಯದು, ಏಕೆ? ಬಸದಿಗೆ ಕೊಟ್ಟ ದಾನವನ್ನು ದಾಖಲಿಸುವುದು ಉದ್ದೇಶ. ದಾನ ಕೊಡುವಾಗ ವಂಶದ ಹಿರಿಮೆಯನ್ನು ಹೇಳುವುದು ಸಂಪ್ರದಾಯ. ಜೈನ ಬಸದಿಯ ಶಾಸನದಲ್ಲಿ ಜೈನ ಗುರುಗಳ ಮಹಿಮೆ ಹೆಚ್ಚಾಗಿ ಬರುವುದು ಸಹಜ.

ಹಾಗಾದರೆ ಕಥೆ ಸುಳ್ಳೇ? ಅವಸರ ಬೇಡ. ಆಕಾಶದಿಂದ ಬಂದ ವರವನ್ನೂ ಕಂಬ ಮುರಿದ ಪೆಟ್ಟನ್ನೂ ಕಥೆಯೆಂದು ಬದಿಗಿಡೋಣ. ಗಂಗರಿಗೂ ಜೈನ ಗುರುಗಳಿಗೂ ಬಹು ಹಿಂದಿನಿಂದ ನಂಟಿತ್ತೆಂಬುದಕ್ಕೆ ಬೇರೆ ಸಾಕ್ಷ್ಯವಿದೆ. ಗಂಗ ಅವಿನೀತನ ಕಾಲದ ನೊಣಮಂಗಲದ ತಾಮ್ರಶಾಸನ ಜಿನಾಲಯಕ್ಕೆ ಕೊಟ್ಟ ದಾನವನ್ನು ತಿಳಿಸುತ್ತದೆ. ರಾಜ್ಯದ ಬಾಲ್ಯದಲ್ಲಿ ಗುರುವೊಬ್ಬರ ನೆರವು ಸಿಕ್ಕಿತೆಂಬ ನೆನಪು ಹತ್ತನೆಯ ಶತಮಾನಕ್ಕೆ ಆಗಲೇ ಬೇರೂರಿತ್ತು. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಇದಕ್ಕಿಂತ ಹೆಚ್ಚು ಹೇಳಿದರೆ ಅದು ಅಭಿಮಾನವಾದೀತೇ ಹೊರತು ಚರಿತ್ರೆಯಾಗದು.

ರಾಜ್ಯ ಬೆಳೆದ ಬಗೆ

ಕಲ್ಲೂರುಗುಡ್ಡದ ಶಾಸನ ಗಂಗರಾಜ್ಯದ ಎಲ್ಲೆಗಳನ್ನೂ ಹೇಳುತ್ತದೆ. ನಂದಗಿರಿ ಅವರ ಕೋಟೆ. ಅದೇ ಇಂದಿನ ನಂದಿಬೆಟ್ಟ. ಕುವಳಾಲ ಅವರ ಪಟ್ಟಣ. ಅದೇ ಇಂದಿನ ಕೋಲಾರ. ತೊಂಬತ್ತಾರು ಸಾವಿರ ಅವರ ನಾಡು. ಪೂರ್ವಕ್ಕೆ ತೊಂಡನಾಡು, ಪಶ್ಚಿಮಕ್ಕೆ ಚೇರರ ದಿಕ್ಕಿನ ಕಡಲು. ದಕ್ಷಿಣಕ್ಕೆ? ಕೊಂಗು! ಹೌದು, ನಾವು ಕುಳಿತು ಈ ಪಾಠ ಓದುತ್ತಿರುವ ನಾಡಿನ ಹೆಸರೇ ಗಂಗವಾಡಿಯ ತೆಂಕಣ ಎಲ್ಲೆಯಾಗಿ ಆ ಕಲ್ಲಿನ ಮೇಲಿದೆ.

ಮುಂದೆ ರಾಜಧಾನಿ ಕೋಲಾರದಿಂದ ಕಾವೇರಿಯ ದಡದ ತಲಕಾಡಿಗೆ ಬಂತು. ಆರನೆಯ ಶತಮಾನದಲ್ಲಿ ಆಳಿದ ದುರ್ವಿನೀತ ಸ್ವತಃ ವಿದ್ವಾಂಸ. ‘ಕಿರಾತಾರ್ಜುನೀಯ’ದ ಅತ್ಯಂತ ಕ್ಲಿಷ್ಟವಾದ ಹದಿನೈದನೆಯ ಸರ್ಗಕ್ಕೆ ಅವನು ವ್ಯಾಖ್ಯಾನ ಬರೆದನೆಂದು ಶಾಸನ ಹೇಳುತ್ತದೆ. ಕನ್ನಡ ಗದ್ಯ ಬರೆದ ಹಿಂದಿನವರನ್ನು ಹೆಸರಿಸುವಾಗ ‘ಕವಿರಾಜಮಾರ್ಗ’ ದುರ್ವಿನೀತನ ಹೆಸರನ್ನೂ ಹೇಳುತ್ತದೆ. ಎಂಟನೆಯ ಶತಮಾನದ ಶ್ರೀಪುರುಷ ದೀರ್ಘಕಾಲ ಆಳಿದ. ಆನೆಗಳ ವಿಷಯವಾಗಿ ಗ್ರಂಥ ಬರೆದನೆಂದು ಪ್ರಸಿದ್ಧ. ಗಂಗರ ಮುದ್ರೆಯ ಮೇಲಿದ್ದ ಪ್ರಾಣಿಯೂ ಆನೆಯೇ.

ಗಂಗರು ಸದಾ ಗೆದ್ದವರಲ್ಲ. ಶ್ರೀಪುರುಷನ ಮಗ ಶಿವಮಾರನನ್ನು ರಾಷ್ಟ್ರಕೂಟರು ಸೆರೆಯಲ್ಲಿಟ್ಟಿದ್ದರು. ಮುಂದೆ ಅದೇ ರಾಷ್ಟ್ರಕೂಟರೊಡನೆ ಸ್ನೇಹವೂ ಸಂಬಂಧವೂ ಬೆಳೆದವು. 949ರ ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ನಮ್ಮೂರಿನಿಂದ ರೈಲಿನಲ್ಲಿ ಚೆನ್ನೈಗೆ ಹೋಗುವಾಗ ಅರಕ್ಕೋಣಂ ಸಿಗುತ್ತದಲ್ಲ, ಆ ತಕ್ಕೋಲ ಅದರ ಹತ್ತಿರದಲ್ಲೇ ಇದೆ.

ಮೌರ್ಯರ ಸಾಮ್ರಾಜ್ಯದ ಮುಂದೆ ಗಂಗವಾಡಿ ಚಿಕ್ಕದು. ಆದರೆ ಮೌರ್ಯರು ಆಳಿದ್ದು ಸುಮಾರು 140 ವರ್ಷ. ಗಂಗರು ಬಾಳಿದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ದೊಡ್ಡದಾಗಿ ಕಟ್ಟುವುದು ಬೇರೆ, ಬಾಳುವಂತೆ ಕಟ್ಟುವುದು ಬೇರೆ.

ಕೊನೆಗಾಲದ ಒಬ್ಬ ಸಲಹೆಗಾರ

ಗಂಗರ ಆರಂಭದಲ್ಲಿ ಸಿಂಹನಂದಿಗಳಿದ್ದಂತೆ ಕೊನೆಗಾಲದಲ್ಲಿ ಚಾವುಂಡರಾಯನಿದ್ದ. ಇವನ ವಿಷಯದಲ್ಲಿ ಕಥೆಯನ್ನು ಅವಲಂಬಿಸಬೇಕಾಗಿಲ್ಲ. ಅವನ ಕಾಲದ ಸಾಕ್ಷ್ಯಗಳೇ ಇವೆ. ಮಾರಸಿಂಹ ಮತ್ತು ರಾಚಮಲ್ಲ ಎಂಬ ಇಬ್ಬರು ಅರಸರಿಗೆ ಅವನು ಮಂತ್ರಿಯೂ ಸೇನಾಪತಿಯೂ ಆಗಿದ್ದ. 975ರ ಸುಮಾರಿಗೆ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ರಾಜ್ಯದಲ್ಲಿ ಕಲಹವೆದ್ದಿತು. ಸೈನ್ಯ ಚಾವುಂಡರಾಯನ ಕೈಯಲ್ಲಿತ್ತು. ಮನಸ್ಸು ಮಾಡಿದ್ದರೆ ಸಿಂಹಾಸನ ಅವನದೇ ಆಗುತ್ತಿತ್ತು. ಅವನು ಹಾಗೆ ಮಾಡದೆ ರಾಚಮಲ್ಲನ ಪಕ್ಕದಲ್ಲಿ ನಿಂತು ಶತ್ರುಗಳನ್ನು ಅಡಗಿಸಿದ.

978ರಲ್ಲಿ ಅವನು ಬರೆದ ‘ಚಾವುಂಡರಾಯ ಪುರಾಣ’ ಹಳೆಯ ಕನ್ನಡ ಗದ್ಯದ ಅಮೂಲ್ಯ ಗ್ರಂಥ. ಕವಿ ರನ್ನನಿಗೆ ಅವನು ಆಶ್ರಯ ಕೊಟ್ಟ. ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಮಾಡಿಸಿದ. ಗೊಮ್ಮಟ ಯಾರು? ಅಣ್ಣನನ್ನು ಗೆದ್ದೂ ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೋದ ಬಾಹುಬಲಿ. ಅಧಿಕಾರ ಕೈಗೆಟಕುವಷ್ಟು ಹತ್ತಿರವಿದ್ದ ಮಂತ್ರಿಯೊಬ್ಬ ಅಧಿಕಾರ ಬಿಟ್ಟವನ ವಿಗ್ರಹವನ್ನೇ ನಿಲ್ಲಿಸಿದನು ಎಂಬುದನ್ನು ಮರೆಯಬೇಡಿ.

ಇಷ್ಟಾದರೂ ರಾಜ್ಯ ಉಳಿಯಲಿಲ್ಲ. 1004ರ ಸುಮಾರಿಗೆ ಚೋಳರು ತಲಕಾಡನ್ನು ವಶಪಡಿಸಿಕೊಂಡರು. ಒಳ್ಳೆಯ ಸಲಹೆಗಾರನಿದ್ದರೆ ರಾಜ್ಯ ಎಂದೂ ಅಳಿಯದು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ರಾಷ್ಟ್ರಕೂಟರ ಆಸರೆ ಮುರಿದುಬಿದ್ದಿತ್ತು, ಚೋಳರ ಬಲ ಬೆಳೆದಿತ್ತು.

ಈಗ ಮತ್ತೆ ಕಲ್ಲೂರುಗುಡ್ಡದ ಕಲ್ಲಿನ ಮುಂದೆ ಬಂದು ನಿಲ್ಲೋಣ. ತಲಕಾಡು ಹೋಗಿ ನೂರು ವರ್ಷ ಮೀರಿದ ಮೇಲೆ ಅದನ್ನು ಕೆತ್ತಿಸಿದ್ದು. ಸಿಂಹಾಸನ ಕಳೆದುಕೊಂಡವರ ಮೊಮ್ಮಕ್ಕಳ ಮೊಮ್ಮಕ್ಕಳು ತಮ್ಮ ವಂಶದ ಕಥೆ ಬರೆಸುವಾಗ ಬರೀ ಗೆದ್ದ ಯುದ್ಧಗಳನ್ನು ಬರೆಸಿ ಸುಮ್ಮನಾಗಬಹುದಿತ್ತು. ‘ಮಾತಿಗೆ ತಪ್ಪಿದರೆ ಕುಲ ಅಳಿಯುವುದು’ ಎಂಬ ಎಚ್ಚರಿಕೆಯನ್ನೂ ಅವರು ಬಿಡದೆ ಕೆತ್ತಿಸಿದರು. ಅರಸನಿಗೆ ನಿಷ್ಠುರವಾಗಿ ಮಾತಾಡುವ ಗುರುವೇ ನಿಜವಾದ ಗುರು ಎಂದು ಹನ್ನೆರಡನೆಯ ಶತಮಾನದ ಕನ್ನಡಿಗರು ನಂಬಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈ ಅರ್ಥದಲ್ಲಿ ಆ ಕಲ್ಲು ಸುಳ್ಳು ಹೇಳುವುದಿಲ್ಲ.

ನಾವು ಕಲಿಯಬೇಕಾದುದು

ಇಂದು ಅರಸರಿಲ್ಲ. ಆದರೆ ತರಗತಿಗೊಬ್ಬ ನಾಯಕನಿದ್ದಾನೆ, ಆಟದ ತಂಡಕ್ಕೊಬ್ಬ ನಾಯಕಿಯಿದ್ದಾಳೆ, ಮನೆಗೊಬ್ಬ ಯಜಮಾನರಿದ್ದಾರೆ. ಸ್ನೇಹಿತ ಗೆದ್ದಾಗ ಚಪ್ಪಾಳೆ ತಟ್ಟುವುದು ಸುಲಭ. ಅವನು ದಾರಿ ತಪ್ಪುವಾಗ ‘ಇದು ಸರಿಯಲ್ಲ ಕಣೋ’ ಎನ್ನುವುದು ಕಷ್ಟ. ಆ ಕಷ್ಟದ ಮಾತನ್ನು ಆಡಬಲ್ಲವನೇ ಆಪ್ತ. ಹಾಗೆಯೇ ಅಂಥ ಮಾತು ಬಂದಾಗ ಸಿಟ್ಟಾಗದೆ ಕೇಳುವುದನ್ನೂ ಕಲಿಯಬೇಕು. ನಲವತ್ತು ದಾಟಿದ ಉಪಾಧ್ಯಾಯನಾದ ನಾನು ಅದನ್ನು ಹಿಂದಿನ ಬೆಂಚಿನ ಒಬ್ಬ ಹುಡುಗಿಯಿಂದ ಕಲಿತೆ.

ಪೋಷಕರಲ್ಲಿ ಒಂದು ವಿನಂತಿ. ‘ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರು’ ಎಂಬ ಮಾತು ಈ ಕಡೆಯ ಎಷ್ಟೋ ಕನ್ನಡದ ಮನೆಗಳಲ್ಲಿದೆ. ದಡಿಗ ಮಾಧವರಂತೆ ಊರು ಬಿಟ್ಟು ತೆಂಕಣಕ್ಕೆ ನಡೆದು ಬಂದವರ ಕಥೆಯೇ ಅದು. ಅದನ್ನು ಮಕ್ಕಳಿಗೆ ಹೇಳಿರಿ. ಅವರು ‘ಹೇಗೆ ಗೊತ್ತು?’ ಎಂದು ಕೇಳಿದರೆ ಗದರಬೇಡಿರಿ. ಹಳೆಯ ಪತ್ರ, ಭೂಮಿಯ ದಾಖಲೆ, ಕುಲದೇವರ ಊರಿನ ಹೆಸರು, ಅಜ್ಜಿಯ ನೆನಪು, ಏನಿದ್ದರೂ ತೋರಿಸಿರಿ. ಅದನ್ನು ಒಂದು ನೋಟುಪುಸ್ತಕದಲ್ಲಿ ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿರಿ. 770 ವರ್ಷ ಕಾಯುವುದು ಬೇಡ.

ಅಭ್ಯಾಸ

1. ಸಿಂಹನಂದಿ ಆಚಾರ್ಯರು ಹೇಳಿದ ಏಳು ಎಚ್ಚರಿಕೆಗಳಲ್ಲಿ ಇಂದಿನ ಜನನಾಯಕರಿಗೆ ಅತ್ಯಗತ್ಯವಾದುದು ಯಾವುದು? ಕಾರಣ ಕೊಡಿ.
2. ಗಂಗರ ಆರಂಭಕಾಲದ ತಾಮ್ರಶಾಸನಗಳಿಗೂ ಕಲ್ಲೂರುಗುಡ್ಡದ ಶಾಸನಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.
3. ಕರ್ನಾಟಕ, ತಮಿಳುನಾಡು, ಆಂಧ್ರಪ್ರದೇಶಗಳ ನಕ್ಷೆಯಲ್ಲಿ ಕೋಲಾರ, ನಂದಿಬೆಟ್ಟ, ತಲಕಾಡು, ಶ್ರವಣಬೆಳಗೊಳ, ಶಿವಮೊಗ್ಗ, ಕಡಪ, ತಕ್ಕೋಲ ಮತ್ತು ಪೋತ್ತನೂರುಗಳನ್ನು ಗುರುತಿಸಿ.
4. ನಿಮ್ಮ ಮನೆಯ ಹಿರಿಯರು ಹೇಳುವ ಒಂದು ಹಳೆಯ ಸಂಗತಿಯನ್ನು ಬರೆದು, ಅದಕ್ಕೆ ‘ಯಾವಾಗ, ಯಾರು, ಏಕೆ’ ಎಂಬ ಮೂರು ಪ್ರಶ್ನೆಗಳನ್ನು ಹಾಕಿ ನೋಡಿ.